ಗೊನೆ ಕಡಿದ ಮೇಲೂ ಉಸಿರಾಡುವ ಬಾಳೆ

ಗುಂಡ್ಲುಪೇಟೆ ಸೀಮೆಯ ಯಾವುದಾದರೂ ಬಾಳೆ ತೋಟದಲ್ಲಿ ಗೊನೆ ಕಡಿಯುವ ಹೊತ್ತಿಗೆ ಹೋಗಿ ನಿಲ್ಲಿ. ಕುಡುಗೋಲಿನ ಒಂದೇ ಎಳೆತ. ಗೊನೆ ಗಿಡದಿಂದ ಕಳಚಿ ಹೆಗಲೇರುತ್ತದೆ. ಕಡಿದ ಬಾಯಿಂದ ಸೊನೆ ತೊಟ್ಟಿಕ್ಕಿ ಅಂಗಿಗೆ ಎಂದೂ ಹೋಗದ ಕರೆ ಹತ್ತಿಸುತ್ತದೆ. ಬೇರಿನಿಂದ ಬರುತ್ತಿದ್ದ ನೀರು ಆ ಕ್ಷಣಕ್ಕೇ ನಿಂತಿತು. ಎಲೆಗಳು ಕಳಿಸುತ್ತಿದ್ದ ಸಕ್ಕರೆಯೂ ನಿಂತಿತು. ತಿಂಗಳುಗಟ್ಟಲೆ ಸಾಕಿದ ಗಿಡವನ್ನು ಅಲ್ಲೇ ಬಿಟ್ಟು ಗೊನೆ ರಸ್ತೆಯ ಕಡೆ ಹೊರಟಿತು. ಈಗ ಹೇಳಿ: ಆ ಹೆಗಲ ಮೇಲಿರುವುದು ಬದುಕಿದೆಯೋ, ಸತ್ತಿದೆಯೋ?

ಬದುಕಿದೆ! ಲಾರಿ ಏರಿದಾಗಲೂ ಬದುಕಿರುತ್ತದೆ, ಚಾಮರಾಜನಗರದ ಅಂಗಡಿಯಲ್ಲಿ ಹಗ್ಗಕ್ಕೆ ನೇತುಬಿದ್ದಾಗಲೂ ಬದುಕಿರುತ್ತದೆ, ಊಟದ ಎಲೆಯ ತುದಿಗೆ ಬಂದು ಕೂತಾಗಲೂ ಬದುಕಿರುತ್ತದೆ. ನೀವು ಸಿಪ್ಪೆ ಸುಲಿದು ಬಾಯಿಗಿಟ್ಟ ಆ ತುತ್ತಿನಲ್ಲಿ ಜೀವಂತ ಕೋಶಗಳು ಎಣಿಕೆಗೆ ಸಿಗದಷ್ಟಿವೆ. ಈ ಮಾತನ್ನು ಶಾಲೆಯ ಪುಸ್ತಕದಿಂದ ಎತ್ತಿ ನಂಬಿ ಎಂದು ಹೇಳುತ್ತಿಲ್ಲ. ಇದಕ್ಕೆ ಬೇಕಾದ ಸಾಕ್ಷಿಯೆಲ್ಲ ನಮ್ಮ ಅಡುಗೆಮನೆಯಲ್ಲಿ, ವೀಳ್ಯದ ತಟ್ಟೆಯಲ್ಲಿ, ಹಣ್ಣಿನ ಮಂಡಿಯಲ್ಲಿ ಬಿದ್ದಿದೆ. ಹೆಕ್ಕಿ ಜೋಡಿಸುತ್ತಾ ಹೋದರೆ ಮೈ ಜುಮ್ಮೆನ್ನುತ್ತದೆ.

ಮೊದಲು ಒಂದು ಎಡವು ತಪ್ಪಿಸಿಕೊಳ್ಳಬೇಕು. ಹಣ್ಣು ಜೀವಕೋಶಗಳಿಂದ ಆಗಿದೆ ಎಂದು ತೋರಿಸಿದ ಮಾತ್ರಕ್ಕೆ ಅದು ಬದುಕಿದೆ ಎಂದಾಗುವುದಿಲ್ಲ. ನೀವು ತೊಟ್ಟ ಹತ್ತಿ ಅಂಗಿಯ ಒಂದೊಂದು ಎಳೆಯೂ ಹತ್ತಿಬೀಜದ ಮೈಮೇಲೆ ಉದ್ದಕ್ಕೆ ಬೆಳೆದ ಒಂದೊಂದು ಜೀವಕೋಶವೇ. ಆದರೆ ಅದು ಸತ್ತ ಕೋಶ. ಉಳಿದಿರುವುದು ಗೋಡೆ ಮಾತ್ರ. ಮೇಜಿನ ಮರವೂ ಹಾಗೆಯೇ. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ತನ್ನ ಸೂಕ್ಷ್ಮದರ್ಶಕದಡಿ ಬೆಂಡಿನ ಚೂರನ್ನಿಟ್ಟು ನೋಡಿ, ಅದರ ಪುಟ್ಟ ಪುಟ್ಟ ಕೋಣೆಗಳಿಗೆ ಹೆಸರಿಟ್ಟನಲ್ಲ, ಅವನಿಗೆ ಕಂಡದ್ದೂ ಬರಿದಾದ ಮನೆಗಳೇ, ಒಳಗಿನ ಜೀವ ಎಂದೋ ಹೋಗಿತ್ತು. ಆದ್ದರಿಂದ ಪಿಯು ಕಾಲೇಜಿನ ಪ್ರಯೋಗಾಲಯದಲ್ಲಿ ಬಾಳೆ ತಿರುಳನ್ನು ಗಾಜಿಗೆ ಸವರಿ, ಕೋಶಗಳನ್ನು ಕಂಡು, ಅಯೋಡಿನ್ ಹನಿಸಿ, ಪಿಷ್ಟದ ಕಾಳುಗಳು ಕಡುನೀಲಿಗೆ ತಿರುಗಿದ್ದನ್ನು ನೋಡಿ ಹಿಗ್ಗಿದರೂ ನಮ್ಮ ಪ್ರಶ್ನೆ ಹಾಗೇ ಉಳಿಯುತ್ತದೆ. ಮನೆ ಕಂಡಿತು, ಸರಿ. ಒಳಗೆ ಯಾರಾದರೂ ಇದ್ದಾರೆಯೇ?

ಈ ಪ್ರಶ್ನೆಗೆ ಬಾಳೆಗಿಂತ ಒಳ್ಳೆಯ ಹಣ್ಣು ಇಲ್ಲ. ಮಾವು, ಹಲಸು, ಟೊಮೇಟೊ ಯಾವುದನ್ನೇ ತೆಗೆದುಕೊಂಡರೂ ಒಳಗೆ ಬೀಜ ಇದೆ; ಬೀಜಕ್ಕೆ ಜೀವ ಇದೆ ಎಂದು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೀಮೆಬದನೆಯನ್ನು ಬುಟ್ಟಿಯಲ್ಲಿ ಮರೆತರೆ ಕಾಯಿಯ ಬಾಯಿಂದಲೇ ಮೊಳಕೆ ಇಣುಕುತ್ತದೆ. ಆದರೆ ಅದು ಒಳಗಿನ ಮರಿಯ ಜೀವ. ಹಣ್ಣಿನ ತಿರುಳು ತಾಯಿಗಿಡದ ಮೈ. ನಾವು ಕೇಳುತ್ತಿರುವುದು ಆ ಮೈಯ ಬಗ್ಗೆ. ನಮ್ಮ ಏಲಕ್ಕಿ ಬಾಳೆಯಲ್ಲಿ ಮರಿಯೇ ಇಲ್ಲ, ಬೀಜ ಕಟ್ಟದೆ ಬೆಳೆಯುವ ಹಣ್ಣು ಅದು. ತಿರುಳಿನ ನಡುವಿನ ಕಪ್ಪು ಚುಕ್ಕಿಗಳು ಹುಟ್ಟದೇ ಹೋದ ಬೀಜಗಳ ಗುರುತು. ಅಲ್ಲಿ ಜೀವದ ಚಿಹ್ನೆ ಸಿಕ್ಕರೆ ಅದು ತಿರುಳಿನದೇ, ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ.

ಮೊದಲ ಸಾಕ್ಷಿ ಎಲೆ ಅಡಿಕೆ ಹಾಕುವವರ ಮನೆಯಲ್ಲಿದೆ: ಸುಣ್ಣ. ಚಿಟಿಕೆ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ. ಒಂದೇ ಅಳತೆಯ ಮೂರು ಗಾಜಿನ ಡಬ್ಬಿ ಹುಡುಕಿ. ಒಂದರಲ್ಲಿ ಹಣ್ಣಿಗೆ ತಿರುಗುತ್ತಿರುವ ಎರಡು ಏಲಕ್ಕಿ ಬಾಳೆ, ಇನ್ನೊಂದರಲ್ಲಿ ಚೆನ್ನಾಗಿ ಬೇಯಿಸಿ ಆರಿಸಿದ ಎರಡು ಬಾಳೆ, ಮೂರನೆಯದು ಖಾಲಿ. ಮೂರರಲ್ಲೂ ಒಂದೊಂದು ಸಣ್ಣ ಬಟ್ಟಲಲ್ಲಿ ತಿಳಿಯಾದ ಸುಣ್ಣದ ನೀರಿಟ್ಟು ಮುಚ್ಚಳ ಬಿಗಿ ಮಾಡಿ. ಕೆಲವೇ ಗಂಟೆಗಳಲ್ಲಿ ಹಸಿ ಬಾಳೆಯ ಡಬ್ಬಿಯ ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ! ಬಾಳೆ ಬಿಟ್ಟ ಇಂಗಾಲದ ಡೈಆಕ್ಸೈಡು ಸುಣ್ಣದೊಡನೆ ಕೂಡಿ ಸುಣ್ಣಕಲ್ಲಿನ ಪುಡಿಯಾಗಿ ತೇಲುತ್ತಿದೆ. ಹಬ್ಬಕ್ಕೆ ಗೋಡೆಗೆ ಬಳಿದ ಸುಣ್ಣ ಗಾಳಿಗೆ ಗಟ್ಟಿಯಾಗುವುದೂ ಇದೇ ಕ್ರಿಯೆಯಿಂದ. ಖಾಲಿ ಡಬ್ಬಿಯಲ್ಲಿ ತೆಳುವಾದ ಕೆನೆ ಕಂಡರೆ ಅದು ಒಳಗೆ ಮೊದಲೇ ಇದ್ದ ಗಾಳಿಯದು. ಬೇಯಿಸಿದ ಬಾಳೆಯ ಡಬ್ಬಿಯೂ ಖಾಲಿ ಡಬ್ಬಿಯ ಹಾಗೇ ಸುಮ್ಮನಿರುತ್ತದೆ. ಇದನ್ನು ಒಂದೇ ದಿನದಲ್ಲಿ ಮುಗಿಸಬೇಕು. ತಡವಾದರೆ ಬೆಂದ ಬಾಳೆಗೆ ಹುಳಿ ಹಿಡಿದು ಸೂಕ್ಷ್ಮಾಣುಗಳು ಉಸಿರಾಡತೊಡಗುತ್ತವೆ, ಸಾಕ್ಷಿ ಕೆಡುತ್ತದೆ.

ಇದೆಂಥ ಉಸಿರಾಟ ಎಂದು ಲೆಕ್ಕ ಹಾಕಿದರೆ ಕುರ್ಚಿಯಿಂದ ಏಳುವಂತಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಕಿಲೋ ಹಸಿರು ಬಾಳೆಕಾಯಿ ಗಂಟೆಗೆ ಸುಮಾರು 20 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡು ಬಿಡುತ್ತದೆ. ಹಣ್ಣಾಗತೊಡಗಿದ ಕೂಡಲೇ ಅದು ಏರಿ ಏರಿ 125 ಮಿಲಿಗ್ರಾಮಿನ ಸುತ್ತ ಮುಟ್ಟುತ್ತದೆ. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಬಿಡುವುದು ಸುಮಾರು 200 ಮಿಲಿಲೀಟರು. 70 ಕಿಲೋ ತೂಕದವರಿಗೆ ಇದನ್ನು ಹಂಚಿದರೆ ಕಿಲೋಗೆ ಗಂಟೆಗೆ 300 ಮಿಲಿಗ್ರಾಮಿಗೆ ತುಸು ಹೆಚ್ಚು. ಅಂದರೆ ತೂಕಕ್ಕೆ ತೂಕ ಇಟ್ಟು ನೋಡಿದರೆ, ಹಣ್ಣಾಗುತ್ತಿರುವ ಬಾಳೆ ನಮ್ಮ ಉಸಿರಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚೇ ಉಸಿರಾಡುತ್ತಿದೆ! ಮೂಗಿಲ್ಲ, ಎದೆಗೂಡಿಲ್ಲ, ಗೂಟಕ್ಕೆ ನೇತುಹಾಕಿದ ಗೊನೆ ಅದು. ಆದರೂ ಎಲೆಗೆ ಇರುವಂಥ ಸಣ್ಣ ರಂಧ್ರಗಳು ಆ ಸಿಪ್ಪೆಯ ಮೇಲೂ ಇವೆ, ಅವುಗಳ ಮೂಲಕ ಆಮ್ಲಜನಕ ಒಳಗೆ ಹೋಗುತ್ತದೆ. ಒಂದೊಂದು ಕೋಶದೊಳಗೂ ನಮ್ಮ ಮೈಯಲ್ಲಿರುವಂಥವೇ ಮೈಟೊಕಾಂಡ್ರಿಯಗಳು ಸಕ್ಕರೆಯನ್ನು ಉರಿಸುತ್ತಿವೆ.

ಉರಿದರೆ ಶಾಖ ಬರಲೇಬೇಕು. ಹತ್ತು ಟನ್ನಿನ ಒಂದು ಲೋಡು ಪೂರಾ ಏಕಕಾಲಕ್ಕೆ ಹಣ್ಣಿಗೆ ತಿರುಗಿತೆಂದು ಇಟ್ಟುಕೊಳ್ಳಿ. ಮೇಲಿನ ಲೆಕ್ಕದ ಪ್ರಕಾರ ಅದು ಬಿಡುವ ಶಾಖ ಮೂರೂವರೆ ಕಿಲೋವ್ಯಾಟಿಗೂ ಮೇಲೆ. ಬಾಳೆಕಾಯಿಯನ್ನು ಹಣ್ಣು ಮಾಡುವ ಚೇಂಬರುಗಳಿಗೆ ತಂಪು ಮಾಡುವ ಯಂತ್ರ ಏಕೆ ಬೇಕು ಎಂಬುದಕ್ಕೆ ಇದೇ ಉತ್ತರ. ಹೊರಗಿನ ಬಿಸಿಲು ಒಂದು ಕಡೆಯಾದರೆ, ಒಳಗಿರುವ ಹಣ್ಣೇ ಇನ್ನೊಂದು ಒಲೆ. ಗೊನೆಗಳ ನಡುವೆ ಗಾಳಿ ಆಡಲು ಜಾಗ ಬಿಡಬೇಕು ಎಂದು ಲೋಡು ಮಾಡಿಸುವವರು ಕೂಗುವುದಕ್ಕೂ ಅದೇ ಕಾರಣ.

ಗುಂಡ್ಲುಪೇಟೆಯ ಭೂಗೋಳವೇ ಈ ಉಸಿರಾಟಕ್ಕೆ ಗಡಿಯಾರ ಕಟ್ಟಿಬಿಟ್ಟಿದೆ. ಇಲ್ಲಿಂದ ಒಂದು ದಾರಿ ಬಂಡೀಪುರದ ಕಾಡು ಹಾದು ಊಟಿಗೆ, ಇನ್ನೊಂದು ಮೂಲೆಹೊಳೆ ದಾಟಿ ಕೇರಳದ ಸುಲ್ತಾನ್ ಬತ್ತೇರಿಗೆ. ತೆರಕಣಾಂಬಿ ಮಾರುಕಟ್ಟೆಯ ತರಕಾರಿ, ಸುತ್ತಲಿನ ತೋಟಗಳ ನೇಂದ್ರ ಬಾಳೆ ಕೇರಳದ ದಾರಿ ಹಿಡಿಯುತ್ತವೆ. 2009ರಿಂದ ಕಾಡುಪ್ರಾಣಿಗಳ ಕ್ಷೇಮಕ್ಕಾಗಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಈ ಕಾಡುದಾರಿಗಳಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆನೆ, ಜಿಂಕೆಗಳ ಜೀವ ಉಳಿಸುವ ಆ ನಿಯಮ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಡಿನ ಗೇಟಿನ ಈಚೆ ರಾತ್ರಿ ಕಳೆಯುವ ಲಾರಿಯೊಳಗೆ ಏನು ನಡೆಯುತ್ತಿದೆ ಎಂದು ಯೋಚಿಸಿ. ಇಂಜಿನ್ನು ಆರಿದೆ, ಡ್ರೈವರು ಮಲಗಿದ್ದಾರೆ, ಕಾಡು ಕತ್ತಲಾಗಿದೆ. ಒಂಬತ್ತು ಗಂಟೆಯ ಕಾಲ ಲಾರಿಯ ತುಂಬ ಬಾಳೆ ಎಡೆಬಿಡದೆ ಉಸಿರಾಡುತ್ತಲೇ ಇರುತ್ತದೆ!

ಸರಿ, ಉಸಿರಾಡಿದ ಮಾತ್ರಕ್ಕೆ ಬದುಕಿದೆ ಎನ್ನಬಹುದೇ? ಹಠಮಾರಿ ಓದುಗರೊಬ್ಬರು ಕೇಳಲಿ, ಕೇಳಲೇಬೇಕು. ಹೊಂಡದಲ್ಲಿ ಕೊಳೆಯುವ ಕಸವೂ ಅದೇ ಅನಿಲ ಬಿಡುತ್ತದೆ. ಹಾಗಾದರೆ ಕೊಳೆಯುವುದಕ್ಕೂ ಹಣ್ಣಾಗುವುದಕ್ಕೂ ವ್ಯತ್ಯಾಸ ಏನು? ಇಲ್ಲಿಂದಲೇ ಕಥೆ ರೋಮಾಂಚಕವಾಗುವುದು. ಕೊಳೆಯುವುದಕ್ಕೆ ಕ್ರಮವಿಲ್ಲ, ಹೊರಗಿನಿಂದ ಬಂದವರು ತಿಂದು ಹಾಕುತ್ತಾರೆ. ಹಣ್ಣಾಗುವುದು ಒಳಗಿನಿಂದ ನಡೆಯುವ ಕೆಲಸ, ಕೆಲಸಕ್ಕೆ ಹೊಸ ಆಳುಗಳು ಬೇಕು. ಬಾಳೆಕಾಯಿಯ ತಿರುಳಿನಲ್ಲಿ ಶೇಕಡಾ 20ಕ್ಕೂ ಹೆಚ್ಚು ಪಿಷ್ಟವಿರುತ್ತದೆ. ಹಣ್ಣಾಗುವಷ್ಟರಲ್ಲಿ ಅದು ಶೇಕಡಾ ಒಂದೆರಡಕ್ಕೆ ಇಳಿದು, ಸಕ್ಕರೆ ಶೇಕಡಾ 20ರ ಹತ್ತಿರಕ್ಕೆ ಏರುತ್ತದೆ. ಪಿಷ್ಟ ಒಡೆಯುವ, ಕೋಶಭಿತ್ತಿ ಸಡಿಲಿಸುವ, ಘಮ ಹೆಣೆಯುವ ಕಿಣ್ವಗಳನ್ನು ಕೋಶ ಆಗಲೇ ಹೊಸದಾಗಿ ತಯಾರಿಸುತ್ತದೆ. ಅದಕ್ಕೆ ತನ್ನ ಕೋಶಕೇಂದ್ರದ ಡಿಎನ್‌ಎಯಲ್ಲಿ ಅದುವರೆಗೆ ಮುಚ್ಚಿಟ್ಟಿದ್ದ ಪುಟಗಳನ್ನು ತೆರೆಯುತ್ತದೆ. ಪ್ರೋಟೀನು ತಯಾರಾಗದಂತೆ ತಡೆಯುವ ರಾಸಾಯನಿಕವನ್ನು ಬಾಳೆಕಾಯಿಗೆ ಕೊಟ್ಟರೆ ಹಣ್ಣಾಗುವುದೇ ನಿಂತುಹೋಗುತ್ತದೆ ಎಂದು ವಿಜ್ಞಾನಿಗಳು ಮಾಡಿ ತೋರಿಸಿದ್ದಾರೆ. ಸತ್ತದ್ದು ಹೊಸ ಪ್ರೋಟೀನು ಕಟ್ಟಲಾರದು. ನನ್ನ ಮಟ್ಟಿಗೆ ಇದೊಂದೇ ಸಾಕ್ಷಿ ಸಾಕು. ಆದರೂ ನಿಲ್ಲಿಸಲು ಮನಸ್ಸಿಲ್ಲ, ಮುಂದಿನದು ಇನ್ನೂ ಚೆಂದ.

ನಮ್ಮ ಕಡೆ ಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕುತ್ತಾರೆ. ಮನೆಯಲ್ಲಾದರೆ ಅಕ್ಕಿ ಡಬ್ಬದೊಳಗೆ ಹೂತಿಡುತ್ತಾರೆ. ಮಂಡಿಯವರು ಮುಚ್ಚಿದ ಕೋಣೆಯಲ್ಲಿ ಗೊನೆ ಪೇರಿಸಿ ಹೊಗೆ ಹಾಕುತ್ತಿದ್ದರು. ಬೇಗ ಬೇಕೆಂದರೆ ಕಾಯಿಗಳ ನಡುವೆ ಒಂದು ಕಳಿತ ಹಣ್ಣು ಇಡು ಎಂದು ಅಜ್ಜಿಯರು ಹೇಳಿಕೊಡುತ್ತಿದ್ದರು. ಈ ಎಲ್ಲ ಕೈಚಳಕಗಳ ಹಿಂದೆ ಒಂದೇ ಒಂದು ಅನಿಲ ಇದೆ: ಎಥಿಲೀನ್. 1901ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ದಿಮಿತ್ರಿ ನೆಲ್ಯುಬೋವ್ ಎಂಬ ತರುಣ, ಪ್ರಯೋಗಾಲಯದ ಬಟಾಣಿ ಸಸಿಗಳು ವಕ್ರವಾಗಿ ಬೆಳೆಯುತ್ತಿದ್ದುದಕ್ಕೆ ದೀಪದ ಅನಿಲದಲ್ಲಿದ್ದ ಎಥಿಲೀನೇ ಕಾರಣ ಎಂದು ಪತ್ತೆ ಮಾಡಿದ. 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ಅದೇ ಅನಿಲವನ್ನು ಸೇಬುಹಣ್ಣು ತಾನೇ ಹೊರಬಿಡುತ್ತದೆ ಎಂದು ತೋರಿಸಿದ. ಹೊಗೆಯಲ್ಲಿ ಎಥಿಲೀನ್ ಇದೆ. ಅಕ್ಕಿ ಡಬ್ಬ ಹಣ್ಣು ಬಿಟ್ಟ ಎಥಿಲೀನನ್ನು ಹೊರಗೆ ಹೋಗದಂತೆ ಹಿಡಿದಿಡುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲು ಬೆರೆತಿದ್ದರೂ ಸಾಕು, ಬಲಿತ ಬಾಳೆಕಾಯಿ ಅದನ್ನು ಗುರುತಿಸಿ ಹಣ್ಣಿಗೆ ತಿರುಗುತ್ತದೆ, ತಾನೂ ಎಥಿಲೀನ್ ಬಿಡತೊಡಗುತ್ತದೆ, ಪಕ್ಕದ ಕಾಯಿಗೂ ಸುದ್ದಿ ಮುಟ್ಟಿಸುತ್ತದೆ. ಇಡೀ ಕೋಣೆ ಒಟ್ಟಿಗೆ ಹಳದಿಯಾಗುತ್ತದೆ! ಕರೆ ಕೇಳಿ ಓಗೊಡುವುದಕ್ಕೆ ಕೇಳಿಸಿಕೊಳ್ಳುವ ಜೀವವೊಂದು ಒಳಗೆ ಇರಲೇಬೇಕಲ್ಲವೇ?

ಈಗ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಇರುವ ಒಂದು ಸಲಕರಣೆ ಎರವಲು ತನ್ನಿ: ಖೋಟಾ ನೋಟು ಪತ್ತೆ ಹಚ್ಚುವ ನೇರಳಾತೀತ ದೀಪ. ಕೋಣೆ ಕತ್ತಲು ಮಾಡಿ, ಪೂರಾ ಹಳದಿಯಾದ ಬಾಳೆಹಣ್ಣಿನ ಮೇಲೆ ಹಿಡಿಯಿರಿ. ಹಣ್ಣು ನೀಲಿಯಾಗಿ ಹೊಳೆಯುತ್ತದೆ! ಹಸಿರು ಕಾಯಿ ಹೀಗೆ ಹೊಳೆಯುವುದಿಲ್ಲ. ಆಸ್ಟ್ರಿಯಾದ ಇನ್ಸ್‌ಬ್ರುಕ್ಕಿನ ಬರ್ನ್‌ಹಾರ್ಡ್ ಕ್ರಾಯ್ಟ್ಲರ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಸಿಪ್ಪೆಯ ಕೋಶಗಳು ತಮ್ಮ ಪತ್ರಹರಿತ್ತನ್ನು ಹಂತಹಂತವಾಗಿ ಬಿಚ್ಚುವಾಗ ಉಳಿಯುವ ಬಣ್ಣವಿಲ್ಲದ ವಸ್ತುಗಳ ಹೊಳಪು ಅದು. ಹಣ್ಣು ಕಳಿತು ಸಿಪ್ಪೆಯ ಮೇಲೆ ಕಂದು ಚುಕ್ಕಿ ಬಿದ್ದಾಗ ಇನ್ನೊಂದು ವಿಸ್ಮಯ. ಒಂದೊಂದು ಚುಕ್ಕಿಯ ಸುತ್ತಲೂ ನೀಲಿ ಬಳೆ ಮೂಡುತ್ತದೆ. 2009ರಲ್ಲಿ ಅದೇ ತಂಡ ಅದರ ಅರ್ಥವನ್ನೂ ಬಿಡಿಸಿತು: ನಡುವಿನ ಕಂದು ಭಾಗದ ಕೋಶಗಳು ಸತ್ತಿವೆ, ಸುತ್ತಲಿನ ಹೊಳೆಯುವ ಬಳೆಯಲ್ಲಿರುವ ಕೋಶಗಳು ಸಾಯುವ ಹಾದಿಯಲ್ಲಿವೆ. ಬದುಕಿರುವ ಕೋಶಕ್ಕೂ ಸತ್ತ ಕೋಶಕ್ಕೂ ನಡುವಿನ ಗಡಿ ಒಂದು ಬಾಳೆಹಣ್ಣಿನ ಸಿಪ್ಪೆಯ ಮೇಲೆ, ಗಲ್ಲಾಪೆಟ್ಟಿಗೆಯ ದೀಪದಡಿ, ಬರಿಗಣ್ಣಿಗೆ ಕಾಣಿಸುತ್ತದೆ! ಇಂಥ ಅಚ್ಚರಿ ನಮ್ಮ ಕೈಯಳತೆಯಲ್ಲಿ ಇಷ್ಟು ಕಾಲ ಇತ್ತಲ್ಲ ಎಂದು ನನಗೆ ಇನ್ನೂ ತಡೆಯಲಾಗುತ್ತಿಲ್ಲ.

ಸಾವಿನ ಪುರಾವೆಯಿಂದಲೇ ಬದುಕಿನ ಪುರಾವೆ ಗಟ್ಟಿಯಾಗುತ್ತದೆ. ಬಾಳೆಯನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗುವುದು ಯಾರಿಗೆ ಗೊತ್ತಿಲ್ಲ? ಬೆಚ್ಚಗಿನ ನಾಡಿನ ಈ ಸಸ್ಯದ ಕೋಶಗಳಿಗೆ 13 ಡಿಗ್ರಿಗಿಂತ ಕೆಳಗಿನ ಚಳಿ ತಡೆಯದು. ಕೋಶಪೊರೆಗಳು ಹದ ತಪ್ಪಿ ಸೋರುತ್ತವೆ, ಬೇರೆ ಬೇರೆ ಕಡೆ ಇಟ್ಟಿದ್ದ ಒಗರು ವಸ್ತುಗಳೂ ಕಿಣ್ವಗಳೂ ಕಲೆತು ಕಪ್ಪಾಗುತ್ತವೆ. ಕಲ್ಲಿಗೆ ಚಳಿ ಹಿಡಿಯುವುದಿಲ್ಲ. ಚಳಿಗೆ ಸಾಯಬೇಕಾದರೆ ಮೊದಲು ಬದುಕಿರಬೇಕು. ಟೊಮೇಟೊವನ್ನು ಬರ್ಫದ ಖಾನೆಯಲ್ಲಿಟ್ಟು ತೆಗೆದರೆ ಕರಗಿದ ಮೇಲೆ ನೀರಾಗಿ ಜೋತುಬೀಳುವುದೂ ಪೊರೆ ಹರಿದದ್ದಕ್ಕೆ. ಈ ಪೊರೆಯ ಕಾವಲನ್ನು ಕಣ್ಣಾರೆ ನೋಡಬೇಕೆಂದರೆ ಬೀಟ್‌ರೂಟ್ ಇದೆ. ಅದು ಹಣ್ಣಲ್ಲ, ಗೆಡ್ಡೆ. ಆದರೆ ಸಾಕ್ಷಿ ಸ್ಪಷ್ಟ. ಹಸಿ ತುಂಡನ್ನು ತೊಳೆದು ತಣ್ಣೀರಿನಲ್ಲಿ ಬಿಟ್ಟರೆ ನೀರು ಹೆಚ್ಚುಕಡಿಮೆ ತಿಳಿಯಾಗೇ ಉಳಿಯುತ್ತದೆ. ಅದೇ ತುಂಡನ್ನು ಕುದಿಸಿ, ನೀರು ಕೆಂಪೋ ಕೆಂಪು. ಬದುಕಿರುವಷ್ಟು ಕಾಲ ಕೋಶ ತನ್ನ ಬಣ್ಣವನ್ನು ರಸದಾನಿಯೆಂಬ ಒಳಚೀಲದಲ್ಲಿ ಭದ್ರವಾಗಿ ಕಾಯ್ದುಕೊಂಡಿರುತ್ತದೆ.

ಹಣ್ಣಿನೊಳಗೆ ಎಲ್ಲವೂ ಬದುಕಿರುತ್ತದೆಯೇ? ಇಲ್ಲ. ಸೀಬೆಹಣ್ಣು ತಿನ್ನುವಾಗ ಹಲ್ಲಿಗೆ ಮರಳಿನ ಹಾಗೆ ಸಿಗುವ ಕಣಗಳು ಗೋಡೆ ದಪ್ಪವಾಗಿ, ಒಳಗಿನ ಜೀವ ಹೋದ ಕಲ್ಲುಕೋಶಗಳು. ಸಪೋಟದ ಕಂದು ಸಿಪ್ಪೆಯ ಮೇಲಿನ ಒರಟು ಪದರ ಬೆಂಡಿನ ಕೋಶಗಳದು; 1665ರಲ್ಲಿ ಹುಕ್ ಕಂಡದ್ದು ಅದೇ ಬಗೆಯ ಬರಿದಾದ ಕೋಣೆಗಳನ್ನು. ತೆಂಗಿನ ಚಿಪ್ಪೂ ಸತ್ತ ಕೋಶಗಳ ಕೋಟೆ. ಕಿತ್ತಳೆಯ ತೊಳೆ ಬಿಡಿಸಿದಾಗ ಕಾಣುವ ರಸದ ಸಣ್ಣ ಸಣ್ಣ ಚೀಲಗಳನ್ನು ತುಂಬಾ ಮಂದಿ ಒಂದೊಂದು ಜೀವಕೋಶ ಎಂದುಕೊಳ್ಳುತ್ತಾರೆ. ಹಾಗಲ್ಲ, ಒಂದೊಂದು ಚೀಲದಲ್ಲೂ ಎಷ್ಟೋ ಕೋಶಗಳಿವೆ.

ಇನ್ನು ಎಳನೀರು! ಇದರ ಮುಂದೆ ನಮ್ಮ ಪ್ರಶ್ನೆಯೇ ತಡವರಿಸುತ್ತದೆ. ತೆಂಗಿನ ಕಾಯಿ ಎಳೆಯದಾಗಿದ್ದಾಗ ಒಳಗಿನ ನೀರಿನಲ್ಲಿ ಕೋಶಕೇಂದ್ರಗಳು ಗೋಡೆಯಿಲ್ಲದೆ ತೇಲುತ್ತಿರುತ್ತವೆ. ಬಲಿಯುತ್ತಾ ಬಂದಂತೆ ಅವುಗಳ ಸುತ್ತ ಗೋಡೆ ಕಟ್ಟಿಕೊಂಡು, ಚಿಪ್ಪಿನ ಒಳಮೈಗೆ ಅಂಟಿ, ಮೊದಲು ಗಂಜಿಯಾಗಿ ಆಮೇಲೆ ಕಾಯಾಗುತ್ತವೆ. ಹಾಗಾದರೆ ಬುರುಡೆಯೊಳಗಿನ ಆ ನೀರನ್ನು ಕೋಶ ಎನ್ನಬೇಕೆ, ಕೋಶದೊಳಗಿನ ರಸ ಎನ್ನಬೇಕೆ? ಹೇಗೆ ಕರೆದರೂ ಅದರ ಶಕ್ತಿ ಸಾಮಾನ್ಯದ್ದಲ್ಲ. 1941ರಲ್ಲಿ ವಾನ್ ಓವರ್‌ಬೀಕ್ ಎಂಬ ವಿಜ್ಞಾನಿ ದತ್ತೂರಿಯ ಎಳೆಯ ಭ್ರೂಣಗಳನ್ನು ಈ ದ್ರವ ಬೆರೆಸಿ ಬೆಳೆಸಿದ. 1958ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಎಫ್. ಸಿ. ಸ್ಟೀವರ್ಡ್ ಕ್ಯಾರೆಟ್ಟಿನ ತಿರುಳಿನ ಕೋಶಗಳನ್ನು ತೆಂಗಿನ ನೀರಿನ ಪೋಷಣೆಯಲ್ಲಿಟ್ಟು, ಅವುಗಳಿಂದ ಇಡೀ ಕ್ಯಾರೆಟ್ ಗಿಡಗಳನ್ನೇ ಎಬ್ಬಿಸಿದ! ನಾವು ಪಲ್ಯಕ್ಕೆ ಹೆಚ್ಚುವ ಅದೇ ಕ್ಯಾರೆಟ್ಟು. ಹಣ್ಣಿನ ತಿರುಳಿನ ಕೋಶಗಳು ಸಾಮಾನ್ಯವಾಗಿ ಕಾಯಿ ಕಚ್ಚಿದ ಮೇಲೆ ಬೇಗನೆ ವಿಭಜನೆ ನಿಲ್ಲಿಸಿ ಗಾತ್ರದಲ್ಲಷ್ಟೇ ಹಿಗ್ಗುತ್ತವೆ. ಆದರೂ ನಿಂಬೆ, ಬೆಣ್ಣೆಹಣ್ಣುಗಳ ತಿರುಳಿನ ತುಣುಕುಗಳು ಪ್ರಯೋಗಾಲಯದ ಪೋಷಣೆ ಸಿಕ್ಕಾಗ ಮತ್ತೆ ವಿಭಜನೆ ಆರಂಭಿಸಿದ್ದುಂಟು.

ಕಿತ್ತ ಹಣ್ಣಿಗೆ ಹಗಲು ರಾತ್ರಿಯ ಅರಿವೂ ಇದೆ ಎಂದರೆ ನಂಬುತ್ತೀರಾ? ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಜ್ಯಾನೆಟ್ ಬ್ರಾಮ್ ಮತ್ತು ಡ್ಯಾನಿಯೆಲ್ ಗುಡ್‌ಸ್ಪೀಡ್ ಅವರ ತಂಡ 2013ರಲ್ಲಿ ತೋರಿಸಿದ್ದು ಇದನ್ನೇ. ಅಂಗಡಿಯಿಂದ ತಂದ ಎಲೆಕೋಸಿಗೆ ಹಗಲು ಬೆಳಕು, ರಾತ್ರಿ ಕತ್ತಲೆ ಕೊಟ್ಟಾಗ ಅದರೊಳಗಿನ ಗಡಿಯಾರ ಮತ್ತೆ ತಾಳಕ್ಕೆ ಬಂತು. ಹುಳುಗಳನ್ನು ದೂರವಿಡುವ ತನ್ನ ರಾಸಾಯನಿಕಗಳನ್ನು ಹೊತ್ತಿಗೆ ತಕ್ಕಂತೆ ಏರಿಸಿ ಇಳಿಸಿತು. ಬ್ಲೂಬೆರಿ ಹಣ್ಣಿನಲ್ಲೂ ಈ ದಿನಚರಿಯ ಗುರುತು ಅವರಿಗೆ ಸಿಕ್ಕಿತು. ಗಿಡ ಬಿಟ್ಟು ಬಂದ ಮೇಲೂ ಬೆಳಗಾಗುವುದನ್ನು ಬಲ್ಲ ಹಣ್ಣು!

ಹಣ್ಣಿಗೆ ಜೀವ ಇದೆಯೇ ಎಂಬ ಪ್ರಶ್ನೆಯನ್ನು ಸೂಕ್ಷ್ಮದರ್ಶಕ ಹುಟ್ಟುವ ಎಷ್ಟೋ ಕಾಲದ ಮೊದಲೇ ಗಂಭೀರವಾಗಿ ಕೇಳಿಕೊಂಡು, ಅದಕ್ಕೆ ತಕ್ಕಂತೆ ಊಟವನ್ನೇ ಬದಲಿಸಿಕೊಂಡವರು ಈ ಜಿಲ್ಲೆಯಲ್ಲೇ ಇದ್ದರು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಬಳಿ ಕನಕಗಿರಿ ಇದೆ. ಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿ, ಆಚಾರ್ಯ ಪೂಜ್ಯಪಾದರ ಹೆಸರಿನೊಡನೆ ಬೆಸೆದುಕೊಂಡ ಜೈನ ಕ್ಷೇತ್ರ. ‘ರಾಜಾವಳಿ ಕಥೆ’ ಬರೆದ ದೇವಚಂದ್ರ ಈ ಊರಿನವನು. ಅವನು ಬದುಕಿದ್ದ 19ನೇ ಶತಮಾನದ ಮೊದಲ ಅರ್ಧದಲ್ಲೇ ಅತ್ತ ಜರ್ಮನಿಯಲ್ಲಿ ಶ್ಲೈಡನ್ ಮತ್ತು ಶ್ವಾನ್, ಗಿಡವೂ ಪ್ರಾಣಿಯೂ ಕೋಶಗಳಿಂದಲೇ ಆದವು ಎಂದು 1838 ಮತ್ತು 1839ರಲ್ಲಿ ಸಾರಿದರು. ಜೈನ ಶ್ರಾವಕರಿಗೆ ಹೇಳಿರುವ ಹನ್ನೊಂದು ಪ್ರತಿಮೆಗಳಲ್ಲಿ, ಅಂದರೆ ವ್ರತದ ಮೆಟ್ಟಿಲುಗಳಲ್ಲಿ, ಐದನೆಯದು ಸಚಿತ್ತತ್ಯಾಗ. ಆ ಮೆಟ್ಟಿಲೇರಿದವರು ಹಸಿಯಾದ ಹಣ್ಣು, ಎಲೆ, ಗೆಡ್ಡೆಗಳನ್ನು ಹಾಗೇ ತಿನ್ನುವುದಿಲ್ಲ, ಏಕೆಂದರೆ ಅದರಲ್ಲಿ ಜೀವ ಇದೆ. ಯಾವಾಗ ತಿನ್ನಬಹುದು? ಒಣಗಿಸಿದಾಗ, ಬೇಯಿಸಿದಾಗ, ಕಾಯಿಸಿದಾಗ, ಹುಳಿ ಉಪ್ಪು ಬೆರೆಸಿದಾಗ, ಯಂತ್ರದಲ್ಲಿ ಕತ್ತರಿಸಿ ಅರೆದಾಗ. ಆಗ ಅದು ಪ್ರಾಸುಕ, ಅಂದರೆ ಜೀವ ಕಳೆದದ್ದು.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ! ಶಾಖ ಪೊರೆಯನ್ನು ಕೆಡಿಸುತ್ತದೆ. ಒಣಗಿಸಿದರೆ ನೀರು ಹೋಗಿ ಕೋಶ ಕುಸಿಯುತ್ತದೆ. ಉಪ್ಪು ನೀರನ್ನು ಹೊರಗೆಳೆದು ಕೋಶವನ್ನು ಗೋಡೆಯಿಂದ ಕೀಳುತ್ತದೆ. ಬಿಳಿಗಿರಿರಂಗನ ಬೆಟ್ಟದ ನೆಲ್ಲಿಕಾಯಿ ಉಪ್ಪಿನಲ್ಲಿ ಬಿದ್ದು ಸುಕ್ಕಾಗುವುದು ಹೀಗೆಯೇ. ಹುಳಿಯೂ ಕೊಲ್ಲುತ್ತದೆ, ಅರೆಯುವುದೂ ಕೊಲ್ಲುತ್ತದೆ. ಸಸ್ಯಕೋಶವೊಂದನ್ನು ಸಾಯಿಸುವ ದಾರಿಗಳನ್ನು ಬರೆ ಎಂದು ಇಂದಿನ ಜೀವಶಾಸ್ತ್ರದ ವಿದ್ಯಾರ್ಥಿನಿಗೆ ಹೇಳಿದರೆ ಹೆಚ್ಚುಕಡಿಮೆ ಇದನ್ನೇ ಬರೆಯುತ್ತಾಳೆ. ಆ ಜೈನರಿಗೆ ಕೋಶಗಳು ಗೊತ್ತಿದ್ದವು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳುವುದು ಅವರಿಗೂ ವಿಜ್ಞಾನಕ್ಕೂ ಅನ್ಯಾಯ. ಅಹಿಂಸೆಯ ದಾರಿಯಿಂದ ಹೊರಟವರು, ಊಟದ ತಟ್ಟೆಯ ಹಣ್ಣನ್ನು ಅಷ್ಟು ಎಚ್ಚರದಿಂದ ನೋಡಿದವರು, ಸೂಕ್ಷ್ಮದರ್ಶಕದ ದಾರಿಯಿಂದ ಬಂದವರ ಪಕ್ಕದಲ್ಲೇ ಬಂದು ನಿಂತಿದ್ದಾರೆ ಎಂಬುದೇ ನನಗೆ ದೊಡ್ಡ ಬೆರಗು. ಒಂದು ಕಡೆ ಮಾತ್ರ ವಿಜ್ಞಾನದ ತಿದ್ದುಪಡಿ ಇದೆ: ಬರಿಯ ಚಾಕುವಿನಿಂದ ಹೋಳು ಮಾಡಿದರೆ ಸಾಯುವುದು ಚಾಕು ಹಾದ ದಾರಿಯ ಕೋಶಗಳಷ್ಟೇ. ಹೋಳಿನ ಒಳಗಿನವು ಬದುಕಿದ್ದು, ಗಾಯ ಆದುದಕ್ಕೆ ಇನ್ನೂ ಜೋರಾಗಿ ಉಸಿರಾಡತೊಡಗುತ್ತವೆ. ಹೆಚ್ಚಿಟ್ಟ ಹಣ್ಣು ಬೇಗ ಕೆಡುವುದಕ್ಕೆ ಅದೂ ಒಂದು ಕಾರಣ.

ಕೊನೆಗೆ ಏಲಕ್ಕಿ ಬಾಳೆಯ ವಂಶದ ಮಾತು. ಎರಡು ಕಾಡುಬಾಳೆಗಳ ಸಂಕರದಿಂದ ಬಂದ ತಳಿ ಇದು. ಬೀಜವಿಲ್ಲವಾದ್ದರಿಂದ ಕಂದು ಕಿತ್ತು ನೆಟ್ಟೇ ಬೆಳೆಸಬೇಕು. ಇಂದಿನ ಅಂಗಾಂಶ ಕೃಷಿಯ ಸಸಿಯೂ ಅಂಥ ಕಂದಿನ ತುದಿಯ ಜೀವಂತ ಕೋಶಗಳಿಂದಲೇ ಬಂದದ್ದು. ಪಕ್ಕದ ನಂಜನಗೂಡಿನ ರಸಬಾಳೆಯ ಕಥೆಯೂ ಇದೇ. ಪನಾಮ ಸೊರಗು ರೋಗ ಅದನ್ನು ಅಳಿವಿನ ಅಂಚಿಗೆ ತಳ್ಳಿದಾಗ ಎಲ್ಲರೂ ಅಷ್ಟು ಕಂಗಾಲಾದದ್ದು, ಆ ಕೋಶಗಳ ಸರಣಿ ಒಮ್ಮೆ ಕಡಿದರೆ ಮತ್ತೆ ಸಿಗುವುದಿಲ್ಲ ಎಂಬ ಕಾರಣಕ್ಕೇ. ಕೋಶ ಹುಟ್ಟುವುದು ಕೋಶದಿಂದಲೇ ಎಂದು ಜರ್ಮನಿಯ ವೈದ್ಯ ವಿರ್ಕೋ 1855ರಲ್ಲಿ ಹೇಳಿದ. ಹಾಗಿದ್ದ ಮೇಲೆ ನಿಮ್ಮ ಕೈಯ ಏಲಕ್ಕಿ ಬಾಳೆಯ ಕೋಶ, ಯಾವುದೋ ಕಾಲದಲ್ಲಿ ಮೊಳೆತ ಆ ಮೊದಲ ಸಂಕರ ಸಸಿಯ ಕೋಶದಿಂದ ಒಮ್ಮೆಯೂ ಸಾಯದೆ, ಒಮ್ಮೆಯೂ ಬೀಜದ ಹಂತಕ್ಕೆ ಇಳಿಯದೆ, ಕಂದಿನಿಂದ ಕಂದಿಗೆ ವಿಭಜನೆಯಾಗುತ್ತಾ ಬಂದದ್ದು.

ಶಾಲೆ ಕಾಲೇಜುಗಳ ಮೇಷ್ಟ್ರುಗಳಲ್ಲಿ, ಮೇಡಮ್ಮುಗಳಲ್ಲಿ ನನ್ನದೊಂದು ಬೇಡಿಕೆ. ಈ ವಾರವೇ ಮೂರು ಗಾಜಿನ ಡಬ್ಬಿ, ಚಿಟಿಕೆ ಸುಣ್ಣ, ಒಂದು ಚಿಪ್ಪು ಬಾಳೆ ತರಿಸಿ ಮಕ್ಕಳ ಕೈಗೆ ಕೊಡಿ. ಸುಣ್ಣದ ತಿಳಿಯನ್ನು ಕಣ್ಣಿಗೂ ಬಾಯಿಗೂ ತಾಕಿಸದಂತೆ, ನೋಟಿನ ದೀಪವನ್ನು ಯಾರೂ ನೇರವಾಗಿ ನೋಡದಂತೆ ಎಚ್ಚರ ಹೇಳಿ. ಹಣ್ಣು ಮಾರುವವರಲ್ಲಿ ಇನ್ನೊಂದು: ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದು ನಮ್ಮ ದೇಶದಲ್ಲಿ ನಿಷಿದ್ಧ. ಹಣ್ಣು ತಾನೇ ಬಿಡುವ ಎಥಿಲೀನನ್ನು ಹತ್ತು ಲಕ್ಷಕ್ಕೆ 100 ಪಾಲಿನವರೆಗೆ ಬಳಸಲು ಆಹಾರ ಸುರಕ್ಷತಾ ಪ್ರಾಧಿಕಾರವೇ ಒಪ್ಪಿಗೆ ಕೊಟ್ಟಿದೆ. ಹಮಾಲಿ ಅಣ್ಣಂದಿರಲ್ಲಿ ಕೊನೆಯದು: ಗೊನೆಯನ್ನು ಮೇಲಿಂದ ಎಸೆಯಬೇಡಿ, ಇಳಿಸಿ. ಪೆಟ್ಟು ಬಿದ್ದ ಜಾಗ ನಾಳೆ ಕಪ್ಪಾಗುವುದು ಅಲ್ಲಿ ಸತ್ತ ಕೋಶಗಳಿಂದ.